ಮಳೆಗಾಲದ ಡಾಂಬರು

ಅಲೆವೂರು
೨೨-೨-೨೦೦೭, ಗುರುವಾರ

ಪ್ರೀತಿಯ ಅಕ್ಕಾ,

ಬೆಳಿಗ್ಗೆ ಅವ್ವ ಬಚ್ಚಲಿನಿಂದ ಬಂದ ಮೇಲೆ ನೆಲದಲ್ಲಿ ಒದ್ದೆ ಹೆಜ್ಜೆಗಳು ಉಳಿದಿದ್ದವು. ಎಡಗಾಲಿನದು ಪೂರ್ತಿ ಮೂಡಿತ್ತು. ಬಲಗಾಲಿನದಕ್ಕೆ ಹಿಮ್ಮಡಿಯೇ ಇರಲಿಲ್ಲ, ಬರೀ ಬೆರಳುಗಳು. ಅವು ಒಣಗುವ ತನಕ ನಾನು ಕಸ ಗುಡಿಸಲಿಲ್ಲ.

ನೀನು ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ಕೂಸು ಕರಿಬಸವ ಈಗ ಅಂಗಳ ತುಂಬ ಓಡುತ್ತಾನಂತೆ, ಮಾತು ಬಂತೇ? ಮಾಮಾಗೆ ನಮಸ್ಕಾರ ಹೇಳು. ಮೊನ್ನೆ ಫೋನಿನಲ್ಲಿ ಅವ್ವ “ಕಾಲಾಗ ಮುಳ್ಳ ನೆಟ್ಟಿತ್ತು, ತಗಿಸೇವಿ” ಎಂದಳಲ್ಲ, ಅದು ಮುಳ್ಳಲ್ಲ. ಬಲ ಹಿಮ್ಮಡಿಯ ಆ ಕಪ್ಪು ಕಲೆ. ಚರ್ಮದ ಕ್ಯಾನ್ಸರ್ ಇರಬಹುದೇ ಎಂದು ಮಂಗಳವಾರ ಮಣಿಪಾಲದ ಆಸ್ಪತ್ರೆಯಲ್ಲಿ ತೋರಿಸಿ ಬಂದೆವು. ಏನೆಂದು ಇನ್ನೂ ಗೊತ್ತಾಗಿಲ್ಲ. ಮುಂದಿನ ಮಂಗಳವಾರ ವರದಿ ಸಿಗುತ್ತದೆ. ಈಗಲೇ ಅಳಬೇಡ, ಪೂರ್ತಿ ಓದು.

ನಮ್ಮನ್ನು ಕಳಿಸಿದ್ದು ಮನೆಯ ಒಡತಿ ಮೇಬಲ್ ಬಾಯಿ. ಅವ್ವ ಕಾರ್ಕಳದ ರಸ್ತೆ ಕೆಲಸದಿಂದ ಬಂದು, ಜಗಲಿಯಲ್ಲಿ ಕಾಲು ಚಾಚಿಕೊಂಡು ಸೀಮೆಎಣ್ಣೆ ಬಟ್ಟೆಯಿಂದ ಡಾಂಬರು ಒರೆಸಿಕೊಳ್ಳುತ್ತಿದ್ದಳು. ಅವರು ಬಗ್ಗಿ ನೋಡಿ, “ಎಂತ ಹುಲಿಗೆವ್ವಾ, ಸುತ್ತಲಿನದೆಲ್ಲ ಹೋಯ್ತು, ಇದೊಂದು ಯಾಕೆ ಹೋಗುವುದಿಲ್ಲ? ನಾಳೆಯೇ ಡಾಕ್ಟರಿಗೆ ತೋರಿಸು ಮಾರಾಯ್ತಿ!” ಎಂದರು. “ಡಾಂಬರಕ್ಕ ನನ್ನ ಗಂಡಗಿಂತ ನಿಯತ್ತ ಐತ್ರಿ ಬಾಯಾರ, ಬಿಟ್ಟು ಹೋಗಂಗಿಲ್ಲ” ಎಂದು ಅವ್ವ ನಕ್ಕಳು. ಮೇಬಲ್ ಬಾಯಿ ನಗಲಿಲ್ಲ.

ಅಲ್ಲಿ ಏನು ಮಾಡುತ್ತಾರೋ ಎಂದು ನೀನು ಹೆದರುವುದು ಬೇಡ. ಅವ್ವನಿಗೆ ಕೊಯ್ಯುತ್ತಾರೆಂಬ ಭಯ ಇರಲಿಲ್ಲ, ಸೀರೆ ಬಿಚ್ಚಿಸುತ್ತಾರೆಂಬುದೇ ಭಯ. ಕಾಲು ತೋರಿಸಲು ಹೋದವಳಿಗೆ ಮೈಯೆಲ್ಲ ನೋಡಬೇಕೆಂದರು. ಪರದೆ ಎಳೆದು, ಒಲಿಂಡಾ ಎಂಬ ನರ್ಸ್ ಹಸಿರು ಬಟ್ಟೆ ಹೊದಿಸಿ, ನೋಡುವಷ್ಟೇ ಭಾಗ ಸರಿಸುತ್ತಿದ್ದರು. ಡಾಕ್ಟರಮ್ಮ ತಲೆಗೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವಾಗ ಅವ್ವ ನನ್ನ ಕಿವಿಯಲ್ಲಿ, “ಹೇನ ನೋಡಾಕತ್ತಾರೇನ?” ಎಂದಳು. ಕಿವಿಯ ಹಿಂದೆ, ಬೆನ್ನು, ಉಗುರು, ಬೆರಳ ಸಂದು ಎಲ್ಲ ನೋಡಿದರು. ಹಿಮ್ಮಡಿಗೆ ದೀಪವಿರುವ ಲೆನ್ಸ್ ಇಟ್ಟು, ಸಣ್ಣ ಸ್ಕೇಲಿನಿಂದ ಅಳೆದರು. ತೊಡೆಯ ಸಂದಿನಲ್ಲಿ ಗಂಟು ಉಂಟೇ ಎಂದು ಒತ್ತಿ ನೋಡಿದರು. ಯಾವುದಕ್ಕೂ ನೋವಿಲ್ಲ. ಕೊನೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಚರ್ಮದ ಚೂರೊಂದನ್ನು ತೆಗೆದು, ಎರಡು ಹೊಲಿಗೆ ಹಾಕಿದರು. ಉರಿದದ್ದು ಇಂಜೆಕ್ಷನ್ ಮಾತ್ರ, ಅದಕ್ಕೆ ಅವ್ವ ಹುಲಿಗೆಮ್ಮ ದೇವಿಯನ್ನು ಕರೆದಳು.

ಕಷ್ಟವಾದದ್ದು ನನಗೆ, ಅದೂ ಒಂದು ಪ್ರಶ್ನೆಗೆ. “ಇದು ಯಾವಾಗಿನಿಂದ ಉಂಟು? ದೊಡ್ಡದಾಗುತ್ತಾ ಬಂದಿದೆಯಾ? ಅದು ನನ್ನ ಲೆನ್ಸಿಗೆ ಕಾಣುವುದಿಲ್ಲ, ನೀವೇ ಹೇಳಬೇಕು” ಎಂದರು ಡಾಕ್ಟರಮ್ಮ. “ಮೊನ್ನಿ ಮೊನ್ನಿದರೀ” ಎಂದಳು ಅವ್ವ. ಅವಳ ಮೊನ್ನೆ ನಿನಗೆ ಗೊತ್ತಲ್ಲ, ನಾವು ಊರು ಬಿಟ್ಟು ಬಂದದ್ದೂ ಅವಳಿಗೆ ಮೊನ್ನೆಯೇ. ಡಾಕ್ಟರಮ್ಮ ನನ್ನ ಕಡೆ ತಿರುಗಿ, “ನೀವು ಓದಿದವರು ಅಲ್ವಾ, ಸರಿಯಾಗಿ ಹೇಳಿ” ಎಂದರು. ನಾನು, “ಎರಡು ತಿಂಗಳು” ಎಂದೆ. ಅವರು ಬರೆದುಕೊಂಡರು.

ನಮಗಿಂತ ಮೊದಲು ಒಳಗೆ ಹೋಗಿದ್ದವರು ಕಾಪುವಿನ ಕೂಸಪ್ಪ ಎಂಬ ಮುದುಕರು. ಅವರ ಮಗಳನ್ನು “ಇಷ್ಟು ದಿನ ಎಂತ ಮಾಡ್ತಿದ್ರಿ?” ಎಂದು ಡಾಕ್ಟರಮ್ಮ ಕೇಳಿದ್ದು ಬಾಗಿಲಾಚೆ ಕೂತ ನನಗೂ ಕೇಳಿಸಿತ್ತು. ನನ್ನನ್ನೂ ಹಾಗೆ ಕೇಳಿಯಾರೆಂದೇ ಎರಡು ತಿಂಗಳು ಎಂದದ್ದು, ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು ಅಕ್ಕಾ. ನೀನು ಬಾಣಂತಿಯಾಗಿ ಇಲ್ಲಿದ್ದ ಆ ಆಷಾಢದಲ್ಲಿ, ಅವ್ವ ಕೂಸಿಗೆ ನೀರು ಎರೆಯುವಾಗ ಅವಳ ಅಂಗಾಲು ನೋಡಿ ನೀನೇ ಕೇಳಿದ್ದೆ: “ಮಳಿಗಾಲದಾಗ ರಸ್ತೆ ಕೆಲಸಾನ ಬಂದ್ ಇರತೈತಿ, ಮತ್ತ ಈ ಡಾಂಬರ ಎಲ್ಲಿಂದ ಬಂತು?” ನಾನು ಪುಸ್ತಕದಿಂದ ತಲೆಯೆತ್ತದೆ, “ಹಳೇದಿರಬೇಕು, ಸೀಮೆಎಣ್ಣಿ ಹಚ್ಚಿ ತಿಕ್ಕು” ಎಂದೆ. ನೀನು ಮತ್ತೆ ಕೇಳಿದಾಗ, “ನೀ ಎಷ್ಟ ಓದೀ?” ಎಂದುಬಿಟ್ಟೆ. ಆಮೇಲೆ ಪ್ರತಿ ಸಂಜೆ ನಾನೇ ತಿಕ್ಕಿದೆ. ಒಂದೊಂದು ಪದದ ಅರ್ಥ ಬಿಡಿಸಿ ಪುಟಗಟ್ಟಲೆ ಬರೆದು ಪಾಸಾದವಳು ನಾನು, ನೀನು ಕೇಳಿದ ಒಂದು ಮಾತು ನನಗೆ ಅರ್ಥವಾಗಲಿಲ್ಲ. ತಪ್ಪಾಯಿತು ಅಕ್ಕಾ.

ಅವ್ವ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾಳೆ. ಕೂಸನ್ನು ಬರಿಗಾಲಲ್ಲಿ ಬಿಸಿಲಿಗೆ ಬಿಡಬೇಡವಂತೆ. ಅವಳೇ ಬರಿಗಾಲಲ್ಲಿ ನಿಂತು ಹೇಳುತ್ತಿದ್ದಾಳೆ.

ನಿನ್ನ ತಂಗಿ,
ಅಶ್ವಿನಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದಿಷ್ಟು. ಮೇಬಲ್ ಬಾಯಿಯ ಮಗ ಜೋವಿನ್ ದುಬೈಯಿಂದ ರಜೆಗೆ ಬಂದಾಗ ತೆಗೆದಿದ್ದ ಫೋಟೊ ಇವತ್ತು ನನ್ನ ಹಳೆಯ ನೋಟ್ಸಿನೊಳಗೆ ಸಿಕ್ಕಿತು. ಅವ್ವ ಕಾಲು ಚಾಚಿ ಕೂತು ಕರಿಬಸವನಿಗೆ ಎರೆಯುತ್ತಿದ್ದಾಳೆ, ಅಂಗಾಲು ಎರಡೂ ಕ್ಯಾಮೆರಾದ ಕಡೆಗಿವೆ. ಬಲ ಹಿಮ್ಮಡಿಯಲ್ಲಿ ತೊಗರಿಬೇಳೆಯಷ್ಟು ಕಪ್ಪು. ಈಗ ಅದು ಹುಣಸೆಬೀಜಕ್ಕಿಂತ ದೊಡ್ಡದು. ಮೂಲೆಯಲ್ಲಿ ತಾರೀಖು ಅಚ್ಚಾಗಿದೆ: ೧೭-೭-೨೦೦೫. ನಾನು ಮಂಗಳವಾರದ ತನಕ ಕಾಯುವುದಿಲ್ಲ. ಲೈಬ್ರರಿಗೆ ಹೋಗುತ್ತೇನೆಂದು ಅವ್ವನಿಗೆ ಹೇಳಿ, ನಾಳೆ ಏಳೂವರೆಯ ಬಸ್ಸಿಗೆ ಮಣಿಪಾಲಕ್ಕೆ ಹೋಗುತ್ತೇನೆ. ಫೋಟೊ ಡಾಕ್ಟರಮ್ಮನ ಮುಂದಿಟ್ಟು, ಈ ಕಲೆಗೆ ಎರಡು ತಿಂಗಳಲ್ಲ, ನನ್ನ ಅಕ್ಕನ ಮಗನ ವಯಸ್ಸು ಎಂದು ಹೇಳುತ್ತೇನೆ. ಇಷ್ಟು ದಿನ ಎಂತ ಮಾಡ್ತಿದ್ರಿ ಎಂದು ಅವರು ಕೇಳಲಿ.