ನಮ್ಮ ಮನೆ ದಾಟಿ ಹೋದ ಪೆಟ್ಟಿಗೆ

೧೨ ನವೆಂಬರ್ ೧೯೮೩

ಪ್ರೀತಿಯ ಅಕ್ಕ ಫೆರ್ಮಿನಾ,

ಫ್ರಾನ್ಸಿನ ಚಳಿಯಲ್ಲಿ ನೀನೂ ಭಾವನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಅಕ್ಟೋಬರ್ ಮುಗಿಯುವವರೆಗೂ ಹೋಟೆಲಿನಲ್ಲಿ ಒಗೆಯುವುದಕ್ಕೆ ಚಾದರಗಳ ರಾಶಿ. ಆಮೇಲೆ ಊರಿಗೆ ಹೋದೆ. ಬಂದು ಎಂಟು ದಿನವಾಯಿತು. ಸಿಟ್ಟಿನಲ್ಲಿ ಎರಡು ಸಲ ಬರೆದು ಹರಿದುಹಾಕಿದೆ. ಇದು ಮೂರನೆಯದು, ಇದನ್ನು ಹರಿಯುವುದಿಲ್ಲ.

ಇಲ್ಲಿಯ ಸಮುದ್ರದ ದಂಡೆಯಿಂದ ಗುಡ್ಡದ ಮೇಲಿನ ನಮ್ಮ ಬೆನಿಮೊರಾಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆದರೂ ವರ್ಷಕ್ಕೊಂದು ಸಲ, ಸಕಲ ಸಂತರ ಹಬ್ಬಕ್ಕೆ ಮಾತ್ರ ನಾನು ಹತ್ತುವುದು. ಅಪ್ಪನ ಗೋರಿ ತೊಳೆದು ಸೇವಂತಿಗೆ ಇಟ್ಟೆವು. ಬಾದಾಮಿ ತೋಟಗಳು ಅರ್ಧಕ್ಕರ್ಧ ಪಾಳು ಬಿದ್ದಿವೆ, ಉಳಿದ ಕಡೆ ಜರ್ಮನಿಯವರು ಈಜುಕೊಳ ತೋಡಿಸಿದ್ದಾರೆ. ಅಮ್ಮ ಗೆಣಸಿನ ಕಡುಬು ಮಾಡಿದ್ದಳು. ಸಕ್ಕರೆ ಎರಡೆರಡು ಸಲ ಹಾಕಿದ್ದಳು. ಆದರೂ ಎರಡು ತಿಂದೆ.

ಮೂರನೇ ತಾರೀಕಿನವರೆಗೂ ಇರು ಅಂತ ಹಠ ಹಿಡಿದಳು. ಪ್ರತಿ ತಿಂಗಳು ಆ ದಿನ ಮರಿಯಮಾತೆಯ ವಿಗ್ರಹದ ಪೆಟ್ಟಿಗೆ ನಮ್ಮ ಮನೆಗೆ ಬರುವ ಸರದಿಯಲ್ಲವೇ? ಎಂಬತ್ತರ ಮುದುಕಿ ಗೋಡೆಯ ಗೂಡಿಗೆ ತಾನೇ ಸುಣ್ಣ ಬಳಿದಿದ್ದಳು. ಗಂಜಿ ಹಾಕಿದ ಬಿಳಿ ಬಟ್ಟೆ ಹಾಸಿ, ಎಣ್ಣೆ ಬತ್ತಿ ಎಲ್ಲಾ ಜೋಡಿಸಿದ್ದಳು. ಒಂದು ದಿನ ಮಾತೆಯನ್ನು ಇಟ್ಟುಕೊಂಡು ಮರುದಿನ ಪಕ್ಕದ ಮನೆಗೆ ಹೊತ್ತುಕೊಂಡು ಹೋಗುವುದು ಬಿಟ್ಟರೆ, ಆ ಊರಿನಲ್ಲಿ ಅವಳಿಗೆ ಇನ್ನು ಯಾವ ಕೆಲಸ ಉಳಿದಿದೆ ಹೇಳು.

ಹೊತ್ತು ಮುಳುಗುವ ಮುಂಚೆ ಸರದಿಯ ಪಟ್ಟಿ ಇಟ್ಟುಕೊಂಡಿರುವ ಪಕ್ಕದ ಮನೆಯ ಪ್ರಾಕ್ಸೆದೆಸ್ ಪೆಟ್ಟಿಗೆಯನ್ನು ಶಾಲಿನೊಳಗೆ ಮುಚ್ಚಿಕೊಂಡು ಹೊರಬಂದಳು. ಅಮ್ಮ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಆ ಹೆಂಗಸು ಎದುರು ಗೋಡೆಗೆ ಅಂಟಿಕೊಂಡಂತೆ ನಡೆದು, ನಮ್ಮ ಮನೆ ದಾಟಿ, ಆಚೆ ಮನೆಯ ಬಾಗಿಲು ಬಡಿದಳು. ಅಮ್ಮ ಎದ್ದು ಒಳಗೆ ಹೋಗಿ ಗೂಡಿನ ಬಟ್ಟೆ ಮಡಿಸಿಟ್ಟಳು. ಇದು ಮೂರನೇ ತಿಂಗಳು ಅಂದಳು, ಅಷ್ಟೇ.

ನಾನು ಸೀದಾ ಪ್ರಾಕ್ಸೆದೆಸ್‌ಳ ಅಡುಗೆಮನೆಗೆ ನುಗ್ಗಿ ಬಾಯಿಗೆ ಬಂದಂತೆ ಬೈದೆ. ಅವಳು ಬಾದಾಮಿ ಒಡೆಯುತ್ತಾ ಎಲ್ಲಾ ಕೇಳಿಸಿಕೊಂಡಳು.

"ನಂಗ್ಯಾಕೆ ಬೈತೀಯಾ? ನಿಮ್ಮಕ್ಕನೇ ಬರ್ದಿರೋದು," ಅಂತ ನಿನ್ನ ಕಾಗದ ತಂದು ಮುಂದೆ ಇಟ್ಟಳು.

ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ? ಆಗಸ್ಟ್‌ನಲ್ಲಿ ನೀನು ಬಂದಾಗ ಗೂಡಿನ ಬಟ್ಟೆಯ ಅಂಚು ಸುಟ್ಟಿತ್ತಂತೆ. ಅಮ್ಮ ದೀಪ ಮರೆತು ಮಲಗುತ್ತಾಳೆ, ಪಟ್ಟಿಯಿಂದ ನಮ್ಮ ಮನೆ ತೆಗೆಯಿರಿ, ಅವಳಿಗೆ ಮಾತ್ರ ಹೇಳಬೇಡಿ, ನೊಂದುಕೊಳ್ಳುತ್ತಾಳೆ ಅಂತ ಬರೆದಿದ್ದೆ. ಎಷ್ಟು ಮೃದು ಮನಸ್ಸು ನಿನ್ನದು, ಅಕ್ಕ. ಹೆಸರು ವಾಪಸ್ಸು ಸೇರಿಸು ಅಂದೆ. ಪ್ರಾಕ್ಸೆದೆಸ್ ಒಪ್ಪಲಿಲ್ಲ.

"ಹಿರಿ ಮಗಳು ತೆಗೀರಿ ಅಂದಿದ್ದಾಳೆ, ಹಿರಿ ಮಗಳೇ ಸೇರ್ಸಿ ಅನ್ಲಿ. ನೀನು ಈ ಊರವಳು ಅಂತ ನಮಗೆ ನೆನಪಾಗೋದೇ ನವೆಂಬರ್‌ನಲ್ಲಿ."

ಎಲ್ಲವನ್ನೂ ಹೇಳಿಬಿಡಬೇಕೆಂದು ಅಮ್ಮನ ಹತ್ತಿರ ಬಂದೆ. ಅವಳು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ಸುಮ್ನೆ ಅವಳ ಜೊತೆ ಜಗಳ ಯಾಕೆ ಮಾಡಿದ್ಯೇ? ಬರದೇ ಇರೋದು ಮಾತೆ. ನೀನು ಬಸುರಿ ಅಂತ ಹೊರಗೆ ಹಾಕ್ದೆನಲ್ಲ, ಅವತ್ತೂ ಮಾತೆ ಈ ಗೂಡಲ್ಲೇ ಇದ್ಲು. ಅವಳ ಕಣ್ಣೆದುರಿಗೇ ನಿನ್ನ ಗಂಟು ಬೀದಿಗೆ ಎಸ್ದೆ. ಮದುವೆ ಇಲ್ದೆ ಬಸುರಾದವಳ ಜೊತೆ ಮಾತೆ ಒಂದೇ ಸೂರಿನಡಿ ಇರ್ತಾಳಾ ಅಂತ ಬೇರೆ ಕೇಳ್ದೆ. ಈಗ ನನ್ನ ಜೊತೆ ಇರೋಕೆ ಅವಳಿಗೆ ಇಷ್ಟ ಇಲ್ಲ."

ಇಪ್ಪತ್ತೊಂಬತ್ತು ವರ್ಷ ಈ ಮಾತಿಗಾಗಿ ಕಾದಿದ್ದೆ. ಅದು ಬಂದದ್ದು ನಿನ್ನ ಒಂದು ಕಾಗದದಿಂದ, ಅದೂ ತಪ್ಪು ತಿಳಿವಳಿಕೆಯಿಂದ. ನಿನ್ನ ಕಾಗದದ ವಿಷಯ ಅವಳಿಗೆ ಹೇಳಲಿಲ್ಲ. ರಾತ್ರಿ ಅಮ್ಮ ಊಟ ಮಾಡಲಿಲ್ಲ.

ಇಲ್ಲಿಗೆ ಬಂದ ಮೇಲೆ ಅದೇ ಕೊರೆಯುತ್ತಿದೆ. ಅವಳು ಹೀಗೆ ಒಣಗುವುದು ನೋಡಲಾಗದು. ನೀನೇ ಪ್ರಾಕ್ಸೆದೆಸ್‌ಗೆ ನಾಲ್ಕು ಸಾಲು ಬರೆ. ಬೆಂಕಿಯ ಭಯವಿದ್ದರೆ ಎಣ್ಣೆ ದೀಪದ ಬದಲು ಕರೆಂಟಿನ ಪುಟ್ಟ ಬಲ್ಬು ನಾನೇ ಹಾಕಿಸುತ್ತೇನೆ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಭಾವನ ಮಂಡಿನೋವಿಗೆ ಬಿಸಿ ಉಪ್ಪಿನ ಶಾಖ ಕೊಡು. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಲಿಯೋಕಾದಿಯಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಪ್ರಾಕ್ಸೆದೆಸ್‌ಗೆ ಬರೆಯಬೇಡ. ನಾನು ಬಸ್ಸಿಗೆ ಹೊರಟಾಗ ಅಮ್ಮ ಕೋಟಿನ ತೋಳು ಹಿಡಿದು, "ಮಗೂಗೆ ಏನು ಹೆಸರಿಟ್ಟಿದ್ದೆ?" ಅಂದಳು. ನಲವತ್ತು ದಿನ ಬದುಕಿದ್ದ ನನ್ನ ಮಗಳ ಹೆಸರನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನೀನೂ ಕೇಳಲಿಲ್ಲ. ಅವೆಲಿನಾ ಅಂದೆ. ಅಮ್ಮ ಅದನ್ನು ಎರಡು ಸಲ ಹೇಳಿಕೊಂಡು, ತಲೆಯಲ್ಲಿ ಕೂದಲಿತ್ತಾ ಅಂತ ಕೇಳಿದಳು. ಅಷ್ಟರಲ್ಲಿ ಬಸ್ಸು ಬಂತು. ಪೆಟ್ಟಿಗೆ ಮನೆಗೆ ಬಂದರೆ ಕ್ಷಮೆ ಸಿಕ್ಕಿತು ಅಂದುಕೊಳ್ಳುತ್ತಾಳೆ, ಆಮೇಲೆ ನನ್ನನ್ನು ಏನೂ ಕೇಳುವುದಿಲ್ಲ. ಮುಂದಿನ ತಿಂಗಳೂ ಊರಿಗೆ ಹೋಗುತ್ತೇನೆ. ಕೂದಲಿತ್ತು ಅಂತ ಹೇಳಬೇಕು.