ಬೆಟ್ಟಕ್ಕೆ ಹೋದ ಹೆಸರು

ಕುಲುಸುಕ್, ಪೂರ್ವ ಗ್ರೀನ್‌ಲ್ಯಾಂಡ್
ಮಾರ್ಚ್ 9, 1986

ನಿವಿ ಮಗಳೇ,

ನಿನ್ನ ಕಾಗದ ನಿನ್ನೆಯ ವಿಮಾನಕ್ಕೆ ಬಂತು. ದಿನ ತುಂಬುತ್ತಾ ಬಂತು ಎಂದು ಬರೆದಿದ್ದೀಯ, ಸಂತೋಷ. ಆದರೆ ತೀರಿಹೋದ ನಿನ್ನ ಅಣ್ಣನ ಹೆಸರನ್ನು ಕೂಸಿಗೆ ಇಡುವುದಿಲ್ಲ ಎಂದೂ ಬರೆದಿದ್ದೀಯಲ್ಲ, ಅಲ್ಲಿಗೆ ನನ್ನ ಕಣ್ಣು ನಿಂತುಬಿಟ್ಟಿತು. ಆ ಹೆಸರು ಈಗ ಬೆಟ್ಟದ್ದು, ಕಲ್ಲು ಹಿಮ ಸೇರಿದ ಹೆಸರು ಕೂಸಿನ ಮೈಗೆ ಥಂಡಿಯಾದೀತು ಎಂದು ನಿನ್ನ ಭಯ. ನಿನ್ನ ಮೇಲೆ ನನಗೆ ಕೋಪವಿಲ್ಲ. ಇರುವುದೆಲ್ಲ ನನ್ನ ಮೇಲೆಯೇ.

ಆ ದಿನ ನೀನು ಇಲ್ಲಿರಲಿಲ್ಲ. ಕಡಲ ಮೇಲಿನ ಮಂಜುಗಡ್ಡೆ ಒಡೆದು ಅವನು ನಾಯಿಗಳ ಸಮೇತ ಮುಳುಗಿದನಲ್ಲ, ಅದಾದ ಮೇಲೆ ಬೆಟ್ಟಗುಡ್ಡಗಳ ನಕ್ಷೆ ಬರೆಯುವ ಹೊರಗಿನವರು ಮನೆಗೆ ಬಂದರು. ಅವರಿಗಾಗಿಯೇ ಅವನು ಜಾರುಬಂಡಿ ಓಡಿಸುತ್ತಿದ್ದುದು. ಉತ್ತರದ ಶಿಖರಕ್ಕೆ ಅವನೇ ದಾರಿ ತೋರಿಸಿದವನು, ಅದಕ್ಕೆ ಅವನ ಹೆಸರನ್ನೇ ಇಡುತ್ತೇವೆ ಎಂದು ಹೆಸರನ್ನು ಗಟ್ಟಿಯಾಗಿ ಹೇಳಿಯೂಬಿಟ್ಟರು. ಹೋದವರ ಹೆಸರು ಹೊಸ ಕೂಸಿಗೆ ಸೇರುವ ತನಕ ಯಾರ ಬಾಯಲ್ಲೂ ಬರಬಾರದೆಂದು ಅವರಿಗೇನು ಗೊತ್ತು? ನಿನ್ನ ಅಪ್ಪ, "ದೊಡ್ಡ ಬೆಟ್ಟ ತಾನೇ? ಯಾವುದೋ ದಿಬ್ಬ ಕೊಟ್ಟು ಕೈ ತೊಳ್ಕೋಬೇಡ್ರಪ್ಪಾ" ಎಂದು ನಕ್ಕರು. ದುಃಖ ಉಕ್ಕಿದಾಗ ಅವರು ಹಾಗೆಯೇ.

ಆಮೇಲೆ ನಕ್ಷೆಯವರು ನನ್ನ ಒಪ್ಪಿಗೆ ಕೇಳಿದರು. ನಾನು ಮೂಗು ಸುಕ್ಕಿಸಿದೆ. ಬೇಡ ಎನ್ನಲು ನಮಗೆ ಅಷ್ಟೇ ಸಾಕಲ್ಲವೇ. ಅವರಲ್ಲೊಬ್ಬ ಒಲೆಯ ಮೇಲಿದ್ದ ಸೀಲ್ ಮಾಂಸದ ಕಡೆ ನೋಡಿ, "ಅಯ್ಯೋ, ವಾಸನೆಗೇನೂ ಬೇಜಾರ್ ಮಾಡ್ಕೋಬೇಡಿ ಅಮ್ಮ, ನಮಗೆ ಅಭ್ಯಾಸ ಆಗಿದೆ" ಎಂದ. ಬಾಯಿಬಿಟ್ಟು ಬೇಡ ಎನ್ನಬಹುದಿತ್ತು. ಮನೆಗೆ ಬಂದವರು, ಅವರ ಕಣ್ಣಲ್ಲೂ ನೀರಿತ್ತು, ನನಗೆ ಬಾಯಿ ಬರಲಿಲ್ಲ. ಅವರು ಕಾಫಿ ಕುಡಿದು ಹೊರಟರು, ಹೆಸರೂ ಅವರೊಂದಿಗೆ ಹೋಯಿತು.

ಪಕ್ಕದ ಮನೆಯ ಯುದಿತಾ ತೀರಿಕೊಂಡ ತನ್ನ ಅಮ್ಮನ ಹೆಸರನ್ನು ಮೊಮ್ಮಗನಿಗೆ ಇಟ್ಟಿದ್ದಾಳೆ. ಈಗ ಆ ಪೋರನೇ ಅವಳಿಗೆ ಅಮ್ಮ. "ಅಮ್ಮಾ, ಚಡ್ಡಿ ಹಾಕ್ಕೊಳ್ಳೇ, ಊರೆಲ್ಲ ನೋಡ್ತಿದೆ" ಎಂದು ಬೆಳಿಗ್ಗೆಯಿಂದ ಅವನ ಹಿಂದೆ ಓಡುತ್ತಿರುತ್ತಾಳೆ. ಎಲ್ಲರ ಜೊತೆ ನಾನೂ ನಗುತ್ತೇನೆ, ಒಳಗೊಳಗೆ ಹೊಟ್ಟೆ ಉರಿಯುತ್ತದೆ. ನನಗೂ ಹಾಗೆ ಗದರಬೇಕು, ಉಣ್ಣಿಸಬೇಕು. ನಿನಗೆ ಹೆಣ್ಣೇ ಹುಟ್ಟಿದರೂ ನನಗೆ ಅವಳು ಮಗನೇ. ಬೆಟ್ಟವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಹೇಗೆ?

ಒಂದೇ ಹೆಸರು ಎರಡು ಮೂರು ಕೂಸುಗಳಿಗೆ ಹಂಚಿಹೋಗುವುದು ನಮ್ಮಲ್ಲಿ ಇದ್ದದ್ದೇ. ಬೆಟ್ಟ ತನ್ನ ಪಾಲು ಇಟ್ಟುಕೊಳ್ಳಲಿ. ಉಳಿದದ್ದನ್ನು ನಿನ್ನ ಕೂಸಿಗೆ ಕೊಡು ಮಗಳೇ, ಬೇಡಿಕೊಳ್ಳುತ್ತೇನೆ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ತೊಮಸಿನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಳಿಯನ ಫೋನ್ ಬಂದಿದೆ ಎಂದು ಅಂಗಡಿಯಿಂದ ಹೇಳಿಕಳಿಸಿದರು. ಹೆಣ್ಣು ಮಗುವಂತೆ, ಇಬ್ಬರೂ ಚೆನ್ನಾಗಿದ್ದೀರಂತೆ. ಪಾದ್ರಿ ಆಸ್ಪತ್ರೆಗೇ ಬಂದು ಆವಿಯಾ ಎಂದು ಹೆಸರಿಟ್ಟಾಯಿತಂತೆ. ಒಳ್ಳೆಯ ಹೆಸರು ಎಂದೆ. ಈಗ ಏನನ್ನೂ ಬದಲಿಸಬೇಡ. ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ಬಾ. ಎಲ್ಲರೆದುರು ನಾನು ಆವಿಯಾ ಎಂದೇ ಕರೆಯುತ್ತೇನೆ. ನೀನು ಆಚೆ ಇದ್ದಾಗ ಒಂದು ಸಲ ಅವಳನ್ನು ‘ಮಗನೇ’ ಎಂದರೆ, ಕೇಳಿಸಿದರೂ ಕೇಳಿಸದವಳಂತೆ ಇದ್ದುಬಿಡು.