ಶವರಿಗೆ ಜಡಿದ ಬೀಗ

ಸಾಫಿ ಬಂದರಿನಿಂದ, ಶುಕ್ರವಾರ

ಹಾಜ್ ಬೂಶ್ತಾ ಧಣಿಗಳಿಗೆ, ನಿಮ್ಮ ಮೀನು ಕಾರ್ಖಾನೆಯ ಮೆಕ್ಯಾನಿಕ್ ಹಮ್ಮಾದಿಯ ಸಲಾಂ.

ನನ್ನ ಜೊತೆ ಮೆಷಿನ್ ಕೆಲಸ ಮಾಡುವ ಇದ್ದರ್‌ನ ಎರಡೂ ಕಣ್ಣು ಹೋದವು. ಐಸ್ ಮೆಷಿನ್ನಿನ ಹಳೆ ಎಣ್ಣೆ ಇಳಿಸುವಾಗ ವಾಲ್ವ್ ಕಿತ್ತುಬಂದು, ಒಳಗೆ ಐಸ್ ಕಟ್ಟಿಸುವ ಅಮೋನಿಯಾ ನೇರ ಅವನ ಮುಖಕ್ಕೆ ಹೊಡೆಯಿತು. ಮುಖ ಒತ್ತಿ ಹಿಡಿದಿದ್ದ ಗವಸು ತೆಗೆದಾಗ ಕೆನ್ನೆಯ ಚರ್ಮವೂ ಅದರ ಜೊತೆ ಬಂತು.

"ನೀರು, ಅಣ್ಣಾ, ನೀರು!" ಅಂತ ಕಿರುಚುತ್ತಾ ಅಮೋನಿಯಾ ಬಿದ್ದರೆ ತೊಳೆಯಲೆಂದೇ ಬಾಗಿಲ ಪಕ್ಕ ಇಟ್ಟಿರುವ ಶವರ್ ಹತ್ತಿರ ಓಡಿದ. ಕಣ್ಣಿಲ್ಲದೆಯೂ ಅವನಿಗೆ ಆ ದಾರಿ ಗೊತ್ತು. ನಮಾಜಿಗೆ ಮುಂಚೆ ನಾವೆಲ್ಲ ಕೈಕಾಲು ತೊಳೆಯುತ್ತಿದ್ದದ್ದು ಅಲ್ಲೇ.

ಅದಕ್ಕೇ ತಾನೇ ಹೋದ ವಾರ ನೀವು ಅದರ ನಲ್ಲಿಗೆ ಬೀಗ ಜಡಿಸಿದ್ದು? "ಇದೇನು ಮಸೀದಿನೇನ್ರೋ? ನೀರೇನು ನಿಮ್ಮಪ್ಪಂದಾ?" ಅಂದಿರಿ. ಕೀಲಿ ನಿಮ್ಮ ಕಾರಿನಲ್ಲಿತ್ತು. ಕಾರು ಮರಾಕೇಶ್‌ನಲ್ಲಿತ್ತು.

ಇದ್ದರ್ ಆ ಬೀಗವನ್ನು ಹಲ್ಲಿನಿಂದ ಕಚ್ಚಿ ಎಳೆದ. ನಮ್ಮ ಕೈಗೆ ಸಿಕ್ಕಿದ್ದು ಬೂತಾಯಿ ಮೀನು ನೆನೆಹಾಕಿದ್ದ ಉಪ್ಪುನೀರಿನ ಬಕೆಟ್. ಬೇರೆ ದಾರಿಯಿಲ್ಲದೆ ಅದನ್ನೇ ಅವನ ಕಣ್ಣಿಗೆ ಸುರಿದೆವು. ಆಮೇಲೆ ಅವನು ಕೂಗಿದ್ದು ಮನುಷ್ಯರು ಕೂಗುವ ಹಾಗಿರಲಿಲ್ಲ.

ನೀವು ಸಮಾಧಾನಕ್ಕೆಂದು ಆಸ್ಪತ್ರೆಗೆ ಕಳಿಸಿದ ಸಕ್ಕರೆ ಅಚ್ಚನ್ನು ಅವನ ಹೆಂಡತಿ ನನ್ನ ಕೈಗೆ ಕೊಟ್ಟಳು. "ಅವರಿಗೇ ವಾಪಸ್ ಕೊಡಣ್ಣಾ, ಚಹಾಕ್ಕೆ ಹಾಕ್ಕೊಳ್ಳಲಿ" ಅಂದಳು. ಈ ಪತ್ರದ ಜೊತೆ ಇಟ್ಟಿದ್ದೇನೆ.

ಕಿತ್ತುಬಂದ ವಾಲ್ವನ್ನು ರಿಪೇರಿ ಮಾಡದೆ ಹಾಗೇ ಸಿಕ್ಕಿಸಿಟ್ಟಿದ್ದೇನೆ. ಎಣ್ಣೆ ಇಳಿಸುವ ಕೆಲಸ ಅರ್ಧಕ್ಕೆ ನಿಂತಿದೆ. ಸೋಮವಾರ ಕೀಲಿ ತಗೊಂಡು ನೀವೇ ಬನ್ನಿ. ಉಳಿದ ಎಣ್ಣೆಯನ್ನು ನೀವು ಇಳಿಸುವಿರಂತೆ.

ನೀವು ಇಳಿಸುವಷ್ಟು ಹೊತ್ತು ಶವರಿನ ಬೀಗ ಹಾಗೇ ಇರಲಿ, ಕೀಲಿ ನನ್ನ ಜೇಬಿನಲ್ಲಿರಲಿ.

ನಿಮ್ಮ ದಾರಿ ಕಾಯುತ್ತಾ,
ಹಮ್ಮಾದಿ